ಒಂದೇ ತಾಟಿನಲ್ಲಿ ಎರಡು ಲಿಂಗ

ಕಳೆದ ವಾರ ಧಾರವಾಡದಿಂದ ಹುಬ್ಬಳ್ಳಿಗೆ ಬರುವ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿಗೆ ಒಬ್ಬ ಹಿರಿಯರು ಬಂದು ಕೂತರು. ಆಗತಾನೇ ಪೂಜೆ ಮುಗಿಸಿ ಹೊರಟಿರಬೇಕು. ಹಣೆಯ ಮೇಲಿನ ವಿಭೂತಿ ಇನ್ನೂ ಪೂರ್ತಿ ಒಣಗಿರಲಿಲ್ಲ. ಹಸಿ ವಿಭೂತಿಗೆ ಒಂದು ವಾಸನೆ ಇರುತ್ತದೆ. ನೀರು ಬಿದ್ದ ಬೂದಿಯ ಹಾಗೆ, ಸ್ವಲ್ಪ ಹೊಸದಾಗಿ ಸುಣ್ಣ ಬಳಿದ ಗೋಡೆಯ ಹಾಗೆ. ಆ ವಾಸನೆ ಬಂದರೆ ಜನರಿಗೆ ಭಕ್ತಿ ಉಕ್ಕುತ್ತದಂತೆ. ನನಗೆ ಸಿಟ್ಟು ಉಕ್ಕಿತು. ಉಣಕಲ್ಲ ಕೆರೆ ದಾಟಿದರೂ ಇಳಿಯಲಿಲ್ಲ.

ಪಾಪ, ಆ ಹಿರಿಯರದೇನೂ ತಪ್ಪಿಲ್ಲ. ಹಸಿ ವಿಭೂತಿಯ ವಾಸನೆ ಬಂದರೆ ನನಗೆ ದೊಡ್ಡಪ್ಪ ನೆನಪಾಗುತ್ತಾನೆ. ದೊಡ್ಡಪ್ಪ ನೆನಪಾದರೆ ಸಿಟ್ಟು ಬರುತ್ತದೆ. ಅವನು ತೀರಿಕೊಂಡ ಮೇಲೂ ಈ ವ್ಯವಸ್ಥೆಯಲ್ಲಿ ಯಾವ ಬದಲಾವಣೆಯೂ ಆಗಿಲ್ಲ.

ದೊಡ್ಡಪ್ಪ ಅಂದರೆ ನನ್ನ ಅಪ್ಪನ ಅಣ್ಣ. ಹತ್ತಿಯ ದಲಾಲಿ ಅಂಗಡಿ ಇಟ್ಟಿದ್ದ. ದೇಶಪಾಂಡೆ ನಗರದ ಮನೆಯಲ್ಲಿ ಅವನು, ದೊಡ್ಡವ್ವ, ಅಜ್ಜಿ, ಅಪ್ಪ, ನಾನು ಎಲ್ಲರೂ ಕೂಡಿ ಇದ್ದೆವು. ನನ್ನ ಅವ್ವ ನಾನು ಚಿಕ್ಕವಳಿದ್ದಾಗಲೇ ಹೋಗಿದ್ದಳು. ಮನೆ ನಡೆಯುತ್ತಿದ್ದದ್ದು ದೊಡ್ಡಪ್ಪನ ಪೂಜೆಯ ಸುತ್ತ. ನಮ್ಮ ಮಂದಿ ದೇವರನ್ನು ಗುಡಿಯಲ್ಲಿ ಬಿಟ್ಟು ಬರುವವರಲ್ಲ, ಕೊರಳಿಗೆ ಕಟ್ಟಿಕೊಂಡು ತಿರುಗುವವರು. ಬೆಳ್ಳಿಯ ಕರಡಿಗೆಯೊಳಗೆ ಇಷ್ಟಲಿಂಗ. ಬೆಳಿಗ್ಗೆ ಜಳಕ ಮಾಡಿ ಅದನ್ನು ಎಡ ಅಂಗೈ ಮೇಲೆ ಇಟ್ಟುಕೊಂಡು, ನೀರೆರೆದು, ವಿಭೂತಿ ಹಚ್ಚಿ, ಪತ್ರಿ ಏರಿಸಿ, ಕಣ್ಣು ಮಿಟುಕಿಸದೆ ನೋಡುತ್ತ ಕೂಡಬೇಕು. ದೇವರಿಗೂ ಭಕ್ತನ ಮೂಗಿಗೂ ನಡುವೆ ಒಂದು ಗೇಣು. ಇಷ್ಟು ಹತ್ತಿರದ ದೇವರು ಕೂಡ ದೂರ ಹೋಗಬಲ್ಲ ಎಂದು ನಾನು ತಿಳಿದದ್ದು ದೊಡ್ಡಪ್ಪನಿಂದ.

ನಮ್ಮ ಊರಿನಲ್ಲಿ ನಳದ ನೀರು ಎಂಟು ದಿನಕ್ಕೊಮ್ಮೆ ಬಂದರೆ ಪುಣ್ಯ. ಬಂದ ದಿನ ಮೊದಲ ಕೊಡ ದೊಡ್ಡಪ್ಪನ ಪೂಜೆಗೆ, ಆಮೇಲೆ ಉಳಿದ ಜೀವರಾಶಿಗೆ. ಅವನು ಪೂಜೆಗೆ ಕೂತನೆಂದರೆ ಒಳಗಿನಿಂದ ಚಿಲಕ ಬೀಳುತ್ತಿತ್ತು. ಬಡಿಯುವ ಹಾಗಿಲ್ಲ, ಕರೆಯುವ ಹಾಗಿಲ್ಲ. ಹೊರಗೆ ಬಂದಾಗ ಅವನ ಮುಖ ನೋಡಬೇಕು… ಸುಳ್ಳು ಯಾಕೆ ಹೇಳಲಿ, ಆ ಮುಖದಲ್ಲಿ ಏನೋ ಇರುತ್ತಿತ್ತು. ಉಂಡೆದ್ದ ಮಗುವಿನ ಮುಖದ ಹಾಗೆ.

"ಅಂಗೈ ಬೆಚ್ಚಗ ಆಕ್ಕೈತವಾ," ಅನ್ನುತ್ತಿದ್ದ. "ತೂಕ ಬರತೈತಿ. ಯಾರೋ ಬಂದು ಕೂತಂಗ."

ನಾನು ನಂಬುತ್ತಿದ್ದೆ. ಈಗಲೂ ನಂಬುತ್ತೇನೆ. ಸಿಟ್ಟಿಗೆ ಅದೂ ಒಂದು ಕಾರಣ.

ಅಜ್ಜಿ ಹೋದ ದಿನ ನಾನು ಕೆಲಸಕ್ಕೆ ರಜೆ ಹಾಕಿ ಮನೆಯಲ್ಲಿದ್ದೆ. ಹಿಂದಿನ ದಿನದಿಂದಲೇ ಅವಳಿಗೆ ಏದುಸಿರು ಹತ್ತಿತ್ತು. ಬೆಳಿಗ್ಗೆ ನಾನು ಚಮಚದಿಂದ ನೀರು ಬಿಡುತ್ತಿದ್ದಾಗ ಅವಳು ಹಿರಿಯ ಮಗನ ಹೆಸರು ಹಿಡಿದು ಕರೆಯತೊಡಗಿದಳು. ದೊಡ್ಡಪ್ಪ ಪೂಜೆಯಲ್ಲಿದ್ದ. ಅಪ್ಪ ಹೋಗಿ ಬಾಗಿಲು ಬಡಿದ. ಆ ಮನೆಯಲ್ಲಿ ಆ ಬಾಗಿಲನ್ನು ಯಾರಾದರೂ ಬಡಿದದ್ದು ಅದೇ ಮೊದಲು.

"ಅಣ್ಣಾ, ಅವ್ವ ಕರ್ಯಾಕತ್ತಾಳೋ. ಬಾಗಿಲಾ ತಗಿ."

ಒಳಗೆ ಗಂಟೆಯ ಸಪ್ಪಳ ಬಂತು. ಅಪ್ಪ ಮತ್ತೆ ಬಡಿದ. ಗಂಟೆ ಇನ್ನಷ್ಟು ಜೋರಾಯಿತು. ಅಜ್ಜಿ ಕರೆಯುವುದನ್ನು ನಿಲ್ಲಿಸಿದಳು. ನಾನು ಬಿಟ್ಟ ನೀರು ಬಾಯಿಯ ಅಂಚಿನಿಂದ ಇಳಿದು ದಿಂಬಿಗೆ ಹೋಯಿತು. ದೊಡ್ಡಪ್ಪ ಹೊರಗೆ ಬಂದಾಗ ಹಣೆಯ ಮೇಲೆ ಹಸಿ ವಿಭೂತಿ ಇತ್ತು. ಬಗ್ಗಿ ಅಜ್ಜಿಯ ಮುಖ ನೋಡಿದ. ಆ ವಾಸನೆ ನನ್ನ ಮೂಗಿಗೆ ಹೊಕ್ಕಿದ್ದು ಆಗ. ಇನ್ನೂ ಹೊರಗೆ ಬಂದಿಲ್ಲ.

ಅಪ್ಪ ಆ ದಿನ ಏನೂ ಅನ್ನಲಿಲ್ಲ.

ಅಜ್ಜಿಯ ದಿನಕರ್ಮಕ್ಕೆ ನಮ್ಮ ಮನೆತನದ ಜಂಗಮ ಅಯ್ಯನವರು ಬಂದರು. ಲಿಂಗದ ಮೇಲೆ ಕಂತಿ ಎಂದು ಒಂದು ಕರಿ ಲೇಪ ಇರುತ್ತದೆ. ಸವೆದರೆ ಹೊಸದಾಗಿ ಹಚ್ಚಬೇಕು. ಅಣ್ಣತಮ್ಮಂದಿರಿಬ್ಬರ ಲಿಂಗದ ಕಂತಿಯೂ ಸವೆದಿತ್ತು. "ಕೊಡ್ರಿಲ್ಲೆ, ಹೊಸಾದು ಹಚ್ಚಿ ಕೊಡತೇನಿ," ಎಂದು ಅಯ್ಯನವರು ಇಬ್ಬರದನ್ನೂ ಇಸಿದುಕೊಂಡರು. ಲೇಪ ಹಚ್ಚಿ, ತೊಳೆದು, ಒರೆಸಿ, ಒಂದೇ ತಾಟಿನಲ್ಲಿ ಎರಡನ್ನೂ ಇಟ್ಟು ತಂದರು. ಒಂದೇ ಗೊನೆಯ ಎರಡು ಕರಿದ್ರಾಕ್ಷಿಯ ಹಾಗೆ ಮಿರಿಮಿರಿ ಮಿಂಚುತ್ತಿದ್ದವು. ಅಯ್ಯನವರು ಒಂದನ್ನು ನೋಡಿದರು, ಇನ್ನೊಂದನ್ನು ನೋಡಿದರು, ಸಣ್ಣಗೆ ಕೆಮ್ಮಿ ತಾಟನ್ನೇ ಮುಂದೆ ಚಾಚಿದರು. ಅಣ್ಣನಾದ್ದರಿಂದ ದೊಡ್ಡಪ್ಪ ಮೊದಲು ಒಂದನ್ನು ತೆಗೆದುಕೊಂಡ. ಉಳಿದದ್ದನ್ನು ಅಪ್ಪ ತೆಗೆದುಕೊಂಡ. ಯಾರಿಗೂ ಏನೂ ಅನ್ನಿಸಲಿಲ್ಲ.

ಊಟವಾದ ಮೇಲೆ ಪಡಸಾಲೆಯಲ್ಲಿ ಬೀಗರು, ಬಳಗದವರು ಎಲೆ ಅಡಿಕೆ ಹಾಕಿಕೊಳ್ಳುತ್ತ ಕೂತಿದ್ದರು. ಅವರಲ್ಲಿ ಒಬ್ಬ ಮಹಾನುಭಾವ, "ಹಡದ ತಾಯಿ ಹೊಂಟ್ರೂ ಪೂಜಿ ಬಿಡಲಿಲ್ರಿ, ಭಕ್ತಿ ಅಂದ್ರ ಇದು," ಎಂದ. ನಾಲ್ಕು ಜನ ತಲೆದೂಗಿದರು. ದೊಡ್ಡಪ್ಪನೂ ತಲೆ ತಗ್ಗಿಸಿ, ದೊಡ್ಡ ಮನಸ್ಸಿನಿಂದ, ಆ ಹೊಗಳಿಕೆಯನ್ನು ಸ್ವೀಕರಿಸಿದ.

ಆಗ ಅಪ್ಪ ಬಾಯಿ ಬಿಟ್ಟ. "ದೇವ್ರಿಗೆ ಎರಡ ತಾಸು ಕೊಟ್ಟ ನಮ್ಮಣ್ಣ. ಅವ್ವಗ ಎರಡ ಹೆಜ್ಜಿ ಕೊಡಲಿಲ್ಲ."

ತಗ್ಗಿಸಿದ್ದ ತಲೆಯನ್ನು ದೊಡ್ಡಪ್ಪ ಎತ್ತಿದ.

"ನನ್ನ ಪೂಜಿ ಬಗ್ಗೆ ಮಾತಾಡಾವ ಈ ಮನ್ಯಾಗ ಇರೂದು ಬ್ಯಾಡ," ಎಂದ ದೊಡ್ಡಪ್ಪ.

ಅಪ್ಪ ಇರಲಿಲ್ಲ. ನಾವಿಬ್ಬರೂ ಬೆಂಗೇರಿಯಲ್ಲಿ ಎರಡು ಖೋಲಿಯ ಮನೆ ಹಿಡಿದೆವು. ದೇಶಪಾಂಡೆ ನಗರದಿಂದ ಬೆಂಗೇರಿಗೆ ಆಟೋದಲ್ಲಿ ಬಂದರೆ ಬಾಯಲ್ಲಿನ ಅಡಿಕೆ ಮೆತ್ತಗಾಗುವುದರೊಳಗೆ ಇಳಿಯಬಹುದು. ಅಷ್ಟು ದಾರಿಯನ್ನು ಅಣ್ಣತಮ್ಮಂದಿರಿಬ್ಬರೂ ಕೂಡಿ ಕಾಶಿಯಷ್ಟು ದೂರ ಮಾಡಿದರು.

ನಡುವೆ ಓಡಾಡುತ್ತಿದ್ದವಳು ದೊಡ್ಡವ್ವ ಒಬ್ಬಳೇ. ಸಂತೆಗೆ ಎಂದು ಹೇಳಿ ಚೀಲ ಹಿಡಿದು ಬರುತ್ತಿದ್ದಳು. ಚೀಲದಲ್ಲಿ ಕಾಯಿಪಲ್ಲೆಗಿಂತ ಸುದ್ದಿ ಹೆಚ್ಚು. ಒಂದು ದಿನ ಬಂದು ಕೂತು, ಸೆರಗಿನಿಂದ ಮುಖ ಒರೆಸಿಕೊಂಡು, "ನಿಮ್ಮಣ್ಣಗ ದೇವ್ರು ಸಿಗವಲ್ಲದಂತ," ಎಂದಳು.

ಅಪ್ಪ ಪೇಪರಿನಿಂದ ತಲೆ ಎತ್ತಲಿಲ್ಲ. "ನಳದಂಗ ಅವಂದೂ ಪಾಳಿ ಇರಬೇಕ ತಗೋರಿ ವೈನಿ. ಎಂಟ ದಿನಾ ಬಿಟ್ಟ ಬರತಾನ."

"ನಗಬ್ಯಾಡ್ರಿ ಮೈದುನಾರ. ಅಂಗೈ ತಣ್ಣಗ ಕೂತೈತಂತ. ಕಲ್ಲ ಹಿಡಕೊಂಡಂಗ ಆಗತೈತಿ ಅಂತ ಅಳತಾರ."

ಅಪ್ಪ ಪೇಪರ್ ಮಡಚಿದ. ಅವತ್ತು ಮತ್ತೆ ನಗಲಿಲ್ಲ.

ಮುಂದೆ ದೊಡ್ಡಪ್ಪನ ಪಶ್ಚಾತ್ತಾಪದ ಮಹಾಯಾತ್ರೆ ಶುರುವಾಯಿತು. ಚಹಾ ಬಿಟ್ಟ. ತಂಬಾಕು ಬಿಟ್ಟ. ಗಾದಿ ಬಿಟ್ಟು ಚಾಪೆಯ ಮೇಲೆ ಮಲಗಿ ಸೊಂಟ ಹಿಡಿಸಿಕೊಂಡ. ಸೋಮವಾರ ಮೌನ ಹಿಡಿದ; ದೊಡ್ಡವ್ವನಿಗೆ ವಾರದಲ್ಲಿ ಒಂದು ದಿನ ಸುಖ ಸಿಕ್ಕಿತು. ಕಂಡ ಕಂಡ ಮಠದಲ್ಲಿ ಬರಿಗಾಲಲ್ಲಿ ನಿಂತ. ಬೆಳಿಗ್ಗೆ ಚಿಲಕ ಹಾಕಿಕೊಂಡು ತನ್ನ ತಪ್ಪುಗಳನ್ನೆಲ್ಲ ಒಂದೊಂದಾಗಿ ಲಿಂಗಕ್ಕೆ ಒಪ್ಪಿಸತೊಡಗಿದ. ದೊಡ್ಡವ್ವ ಬಾಗಿಲಿಗೆ ಕಿವಿ ಕೊಟ್ಟು ಕೇಳಿಸಿಕೊಂಡು ಬಂದು ನಮಗೆ ಹೇಳುತ್ತಿದ್ದಳು. ಹುಡುಗನಿದ್ದಾಗ ನಾಯಿಗೆ ಕಲ್ಲು ಒಗೆದದ್ದು. ಕರುವಿಗೆ ಹಾಲು ಬಿಡದೆ ಹಿಂಡಿಕೊಂಡದ್ದು. ಯಾರದೋ ತೋಟದ ಪೇರಲ ಹರಿದದ್ದು.

"ಪೇರಲಹಣ್ಣಿಗೆ ಎದಿ ಎದಿ ಬಡಕೊಂಡ ಅತ್ತಾರವಾ," ಎಂದಳು ಒಮ್ಮೆ, ನನ್ನ ಕಡೆ ತಿರುಗಿ, ಅಪ್ಪನಿಗೆ ಕೇಳದ ಹಾಗೆ. "ನಿಮ್ಮ ಅಜ್ಜೀದು, ನಿಮ್ಮಪ್ಪಂದು ಮಾತ್ರ ಒಂದ ದಿನಾನೂ ಬಾಯಾಗ ಬರಲಿಲ್ಲ."

ಹೇಳಿ, ನನಗೆ ಸಿಟ್ಟು ಬರಬಾರದೇ? ಎಲ್ಲ ಪಾಪಗಳನ್ನೂ ಗುಡಿಸಿ ತಂದು ದೇವರ ಮುಂದೆ ಸುರಿಯುತ್ತಾನೆ. ಮನೆಯ ನಡುವೆ ಬಿದ್ದಿರುವ ಹೆಣದಂಥ ಪಾಪವನ್ನು ಮಾತ್ರ ದಾಟಿಕೊಂಡು ಹೋಗುತ್ತಾನೆ. ದೇವರಿಗೆ ಕಣ್ಣಿಲ್ಲವೆ? ದೇವರ ಮೇಲೂ ನನಗೆ ಸಿಟ್ಟೇ. ಸುಮ್ಮನೆ ಕೂತಿದ್ದ. ಒಂದು ಮಾತು ಸ್ಪಷ್ಟವಾಗಿ ಹೇಳಿಬಿಟ್ಟಿದ್ದರೆ ಇಷ್ಟು ವರ್ಷ ಉಳಿಯುತ್ತಿದ್ದವು… ಹೇಳಲಿಲ್ಲ.

ದೇವರು ಹೇಳದಿದ್ದರಿಂದ ದೊಡ್ಡಪ್ಪ ತಾನೇ ಒಂದು ಕಾರಣ ಹುಡುಕಿಕೊಂಡ. ದೊಡ್ಡವ್ವ ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದಳು.

"ಲಿಂಗ ಅದಲ ಬದಲ ಆಗ್ಯಾವಂತ. ಆ ದಿನಾ ಅಯ್ಯನೋರು ಒಂದ ತಾಟಿನ್ಯಾಗ ಇಟ್ಟ ತಂದ್ರಲ್ಲಾ? ಅವರದು ನಿಮ್ಮ ಕಡೆ ಬಂದೈತಿ, ನಿಮ್ದು ಅವರ ಕಡೆ ಹೋಗೈತಿ. ಅದಕ್ಕ ದೇವ್ರು ಮಾತಾಡವಲ್ಲ ಅಂತಾರ. ತಿರುಗಿ ಬದಲಿ ಮಾಡಿ ಕೊಡಬೇಕಂತ."

ನೋಡಿ, ಎಂಥ ಶೋಧನೆ! ತಾನು ತಪ್ಪಿದ್ದೇನೆ ಅನ್ನುವುದಕ್ಕಿಂತ ಲಿಂಗ ತಪ್ಪಿದೆ ಅನ್ನುವುದು ಎಷ್ಟು ಹಗುರ. ನಾನು ಒದರಾಡತೊಡಗಿದೆ. ಅಪ್ಪ ಕೈ ಎತ್ತಿ ನನ್ನನ್ನು ಸುಮ್ಮನಾಗಿಸಿದ. ತನ್ನ ಕರಡಿಗೆಯನ್ನು ಅಂಗಿಯ ಮೇಲಿನಿಂದಲೇ ಮುಟ್ಟಿ ನೋಡಿಕೊಂಡ.

"ಇರಬಹುದ್ರಿ ವೈನಿ. ನನಗಂತೂ ಗೊತ್ತಾಗಿಲ್ಲ. ನನ್ನ ಅಂಗೈ ಮದ್ಲೂ ಬೆಚ್ಚಗ ಆಗತಿದ್ದಿಲ್ಲ, ಈಗೂ ಆಗಂಗಿಲ್ಲ. ನಾ ದಿನಾ ಕೂಡತೇನಿ, ಏಳತೇನಿ, ಅಷ್ಟ." ಕರಡಿಗೆಯ ಮೇಲಿನ ಕೈ ತೆಗೆದು ಹೇಳಿದ: "ಬೇಕಂದ್ರ ಬಂದು ಒಯ್ಯಲಿ. ಆದ್ರ ತಾನ ಬರಬೇಕು. ನಿಮ್ಮ ಕೈಯಾಗ ಕೊಟ್ಟ ಕಳಿಸಂಗಿಲ್ಲ."

ಅಷ್ಟೇ ಕರಾರು. ಬಂದು ಕೇಳಿದರೆ ಮುಗಿಯಿತು. ದೊಡ್ಡಪ್ಪನಿಗೆ ದೇವರು ಬೇಕಾಗಿದ್ದ, ದೇವರು ಬೆಂಗೇರಿಯಲ್ಲಿದ್ದಾನೆ ಎಂದು ಅವನೇ ನಂಬಿದ್ದ, ಆಟೋದವರು ಕರೆದರೆ ಬರುತ್ತಿದ್ದರು. ಆದರೂ ಬರಲಿಲ್ಲ. ಅಪ್ಪ ಹಾಸಿಗೆ ಹಿಡಿದ ಮೇಲೂ ಬರಲಿಲ್ಲ. "ಹೊಕ್ಕೇನಿ ಅಂತಾರ, ಚಪ್ಪಲಿ ಹಾಕ್ಕೋತಾರ, ಕಟ್ಟಿ ಮ್ಯಾಲ ಒಂದ ತಾಸು ಕೂಡತಾರ, ಮತ್ತ ಚಪ್ಪಲಿ ಬಿಚ್ಚಿ ಒಳಗ ಬರತಾರ," ಅನ್ನುತ್ತಿದ್ದಳು ದೊಡ್ಡವ್ವ. ನಾನು ಅಪ್ಪನಿಗೆ ಗಂಜಿ ಕುಡಿಸುತ್ತ, ಮಗ್ಗುಲು ಬದಲಿಸುತ್ತ, ಆ ಚಪ್ಪಲಿಗಳಿಗೆ ಹಿಡಿಶಾಪ ಹಾಕುತ್ತಿದ್ದೆ. ಹೊರಗೆ ಆಟೋ ನಿಂತ ಸಪ್ಪಳವಾದರೆ ಅಪ್ಪ ತಲೆ ಎತ್ತಿ ನೋಡುತ್ತಿದ್ದ. ಆಮೇಲೆ ಏನೂ ಕೇಳಲಿಲ್ಲವೆಂಬಂತೆ ಗೋಡೆಯ ಕಡೆ ತಿರುಗುತ್ತಿದ್ದ…

ಅಪ್ಪ ಹೋದ ದಿನ ದೊಡ್ಡಪ್ಪ ಬಂದ.

ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂಡಿಸುತ್ತಾರೆ, ಹೂಳುವ ಕುಣಿಯಲ್ಲೂ. ಅಪ್ಪನನ್ನು ಗೋಡೆಗೆ ಆನಿಸಿ ಕೂಡಿಸಿದ್ದರು. ಹಣೆಯಲ್ಲಿ ವಿಭೂತಿ, ಕೊರಳಲ್ಲಿ ಹೂವು, ಮುಂದೆ ಭಜನೆಯವರು. ದೊಡ್ಡಪ್ಪ ಬಾಗಿಲಲ್ಲಿ ಕಂಡ ಕೂಡಲೇ ಜನ ದಾರಿ ಬಿಟ್ಟರು. ನನ್ನ ಎದೆ ಒಂದು ಗಳಿಗೆ ಕರಗಿತು ಕೂಡ. ಸಾಯಲಿ, ಈಗಲಾದರೂ ಬಂದನಲ್ಲ ಎಂದು. ಅವನು ಅಪ್ಪನ ಕಡೆ ನೋಡಲಿಲ್ಲ. ಗೋಡೆ ಹಿಡಿದುಕೊಂಡು ನನ್ನ ಹಿಂದೆ ಅಡಿಗೆಮನೆಗೆ ಬಂದ. ಅಂಗಿಯ ಗುಂಡಿ ಬಿಚ್ಚಿ ತನ್ನ ಕರಡಿಗೆಯನ್ನು ಹೊರಗೆ ತೆಗೆದ.

"ಯವ್ವಾ, ಕುಣ್ಯಾಗ ಕೂಡಿಸಿದ ಮ್ಯಾಲ ಲಿಂಗ ಅವನ ಕೈಯಾಗ ಇಡತಾರ. ಅದರೊಳಗ ಒಂದ ಕೆಲಸಾ ಆಗ್ಬೇಕು. ಇದು ಅವಂದು. ನಂದು ಅವನ ಕೊರಳಾಗ ಐತಿ. ಬದಲಿ ಮಾಡೂನು."



"ಅಪ್ಪನ ಮಾರಿ ನೋಡಿದ್ರೇನ್ರಿ ದೊಡ್ಡಪ್ಪಾರ?"

ಅವನು ಕರಡಿಗೆಯನ್ನು ನನ್ನ ಕಡೆ ಚಾಚಿದ.

"ಮನಿಗೆ ಬಂದ ಒಯ್ಯಿರಿ ಅಂತ ಹೇಳಿ ಕಳಿಸಿದ್ದ. ಆಟೋ ಸಪ್ಪಳ ಆದಾಗೊಮ್ಮೆ ತಲಿ ಎತ್ತತಿದ್ದ. ಆವಾಗ ಬರಲಿಲ್ಲ. ಈಗ ಹೆಣದ ಕೊರಳಾಗ ಕೈ ಹಾಕಾಕ ಬಂದೀರೇನು?"

"ನಾ ಸಾಯೂದ್ರಾಗ ಒಂದ ಸಲ ಅವ ಸಿಗಬೇಕವಾ," ಎಂದ. ಅವ ಅಂದರೆ ದೇವರು.

"ಸಿಗಬ್ಯಾಡ್ರಿ," ಎಂದೆ.

ಹೊರಗೆ ಹೋಗಿ ಅಯ್ಯನವರಿಗೆ, ಅಪ್ಪನ ಕರಡಿಗೆಯನ್ನು ನೀವಲ್ಲದೆ ಬೇರೆ ಯಾರೂ ಮುಟ್ಟಬಾರದು ಎಂದು ಜೋರಾಗಿಯೇ ಹೇಳಿದೆ. ಅವರೇ, ಆ ತಾಟಿನ ಅಯ್ಯನವರೇ. ಈಗ ಹಲ್ಲು ಬಿದ್ದಿದ್ದವು. ವಿಷಯ ತಿಳಿದು, "ಯಾವುದಾದ್ರೇನವಾ, ಎರಡೂ ಅವನ," ಎಂದು ಮೇಲಕ್ಕೆ ಕೈ ತೋರಿಸಿದರು. ಆ ಜ್ಞಾನವನ್ನು ಇಷ್ಟು ವರ್ಷ ಯಾವ ಗಂಟಿನಲ್ಲಿ ಕಟ್ಟಿಟ್ಟಿದ್ದಿರಿ ಎಂದು ಕೇಳಬೇಕೆನ್ನಿಸಿತು. ಮಣ್ಣಿಗೆ ತಡವಾಗುತ್ತಿತ್ತು, ಕೇಳಲಿಲ್ಲ.

ಕುಣಿಯಲ್ಲಿ ಅಪ್ಪನನ್ನು ಕೂಡಿಸಿ, ಎಡ ಅಂಗೈಯಲ್ಲಿ ಲಿಂಗ ಇಟ್ಟರು. ಜನರ ಹೆಗಲ ಮೇಲಿಂದ ಕತ್ತು ಚಾಚಿ ದೊಡ್ಡಪ್ಪ ನೋಡಿದ. ಲಿಂಗವನ್ನು ನೋಡಲೆಂದು ಚಾಚಿದ ಕತ್ತು. ಆದರೆ ಕುಣಿಯೊಳಗೆ ಲಿಂಗವನ್ನು ನೋಡಬೇಕಾದರೆ ಮುಖವನ್ನು ದಾಟಿಯೇ ನೋಡಬೇಕು. ಅವನು ನೋಡಿದ. ಆಮೇಲೆ ಅವನ ಕತ್ತು ಹಾಗೆಯೇ ನಿಂತುಬಿಟ್ಟಿತು. ವಿಭೂತಿ ಸುರಿದರು, ಪತ್ರಿ ಸುರಿದರು, ಮಣ್ಣು ಸುರಿದರು. ಎಲ್ಲರೂ ಕೈ ತೊಳೆಯಲು ಹೋದ ಮೇಲೂ ಅವನು ಅಲ್ಲಿಯೇ ಇದ್ದ. ನಾನು ಕರೆಯಲಿಲ್ಲ.

ಕೆಲವು ತಿಂಗಳಾದ ಮೇಲೆ ದೊಡ್ಡವ್ವ ಫೋನ್ ಮಾಡಿದಳು. ಅಯ್ಯನವರು ದಯೆ ತೋರಿಸಿ, ಹಳೆಯದರ ಬಗ್ಗೆ ಸಂಶಯ ಬೇಡ, ಹೊಸ ಲಿಂಗ ಕಟ್ಟಿ ಹೊಸದಾಗಿ ದೀಕ್ಷೆ ಕೊಡುತ್ತೇನೆ ಎಂದು ಬಂದಿದ್ದರಂತೆ. ದೊಡ್ಡಪ್ಪ ಅವರನ್ನು ಹಣ್ಣು ಕೊಟ್ಟು ತಿರುಗಿ ಕಳಿಸಿದನಂತೆ. "ಹುಚ್ಚ ಹಿಡದೈತೇನವಾ, ಒಮ್ಮಿ ಬಂದ ನೋಡು," ಎಂದಳು. ಅಷ್ಟು ವರ್ಷ ದೇವರಿಗಾಗಿ ಮನೆಮಂದಿಯ ಪ್ರಾಣ ತಿಂದವನು ಮನೆಗೆ ಬಂದ ದೇವರನ್ನು ತಿರುಗಿ ಕಳಿಸುತ್ತಾನೆಂದರೆ! ನಾನು ಜಗಳಕ್ಕೆ ಸಿದ್ಧಳಾಗಿ ಹೋದೆ. ಮಾತುಗಳನ್ನು ದಾರಿಯಲ್ಲಿ ಹೊಂದಿಸಿಕೊಂಡಿದ್ದೆ; ಆಟೋದವನು ಎರಡು ಸಲ ತಿರುಗಿ ನೋಡಿದ.

ದೊಡ್ಡಪ್ಪ ಪೂಜೆಗೆ ಕೂತಿದ್ದ. ಬಾಗಿಲು ತೆರೆದಿತ್ತು. ನಾನು ದೊಡ್ಡವ್ವನ ಮುಖ ನೋಡಿದೆ. "ಚಿಲಕಾ ಕೆಟ್ಟೈತಿ, ಮತ್ತೇನಿಲ್ಲ," ಎಂದಳು. ನಾನು ಹೊಸ್ತಿಲಲ್ಲಿ ನಿಂತೆ. ಬಹಳ ಇಳಿದಿದ್ದ. ಅಂಗೈ ಮೇಲಿನ ಲಿಂಗವನ್ನು ನೋಡುತ್ತ, ಆಗಾಗ ತಲೆ ಅಲ್ಲಾಡಿಸುತ್ತ, ಏನೋ ಗೊಣಗುತ್ತಿದ್ದ. ನನ್ನನ್ನು ಕಂಡು ನಿಲ್ಲಿಸಿದ.

"ಹೊಸಾದ ಯಾಕ ಬ್ಯಾಡಂದ್ರಿ?" ನಾನು ಪೀಠಿಕೆ ಹಾಕಲಿಲ್ಲ.

"ಇದು ನಿಮ್ಮಪ್ಪಂದ ಐತವಾ. ಹೆಂಗ ಬಿಡಲಿ?"

"ಬಂದಾನೇನು ಮತ್ತ, ನಿಮ್ಮ ದೇವ್ರು?" ವ್ಯಂಗ್ಯವಾಗಿಯೇ ಕೇಳಿದೆ.

ಅವನಿಗೆ ವ್ಯಂಗ್ಯ ತಿಳಿಯಲಿಲ್ಲ, ಅಥವಾ ತಿಳಿದೂ ಬಿಟ್ಟ. "ದೇವ್ರು ಬಂದಿಲ್ಲ," ಎಂದ. "ನಿಮ್ಮಪ್ಪ ಬರತಾನ."

ನಾನು ಹೊಸ್ತಿಲು ದಾಟಿ ಅವನ ಮುಂದೆ ಕೂತೆ.

"ದಿನಾ ಬರತಾನ. ಬಂದು ಬೈತಾನ. ಅವ್ವನ ಮಾತ ತಗೀತಾನ. ಬಾಗಿಲಾ ಬಡದದ್ದ ತಗೀತಾನ. ತಾ ಹಾಸಿಗಿ ಹಿಡದದ್ದ ತಗೀತಾನ. ಸಣ್ಣಾವಿದ್ದಾಗಿಂದೂ ಬಾಯಿ ಜೋರ ಅವಂದು."

"ನೀವೇನ ಅಂತೀರಿ?"

"ಮದ್ಲ ಮದ್ಲ ವಾದಾ ಹಾಕತಿದ್ದೆ." ದೊಡ್ಡಪ್ಪ ಲಿಂಗದ ಮೇಲಿನ ಪತ್ರಿಯೊಂದನ್ನು ಸರಿ ಮಾಡಿದ. "ಈಗ, ಹೌದೋ ತಮ್ಮಾ, ನಂದ ತಪ್ಪ, ಅಂತೇನಿ. ಅಂದ್ರೂ ಬಿಡಂಗಿಲ್ಲ. ನಾಳಿಗೆ ಮತ್ತ ಬರತಾನ."

ಆಟೋದಲ್ಲಿ ಹೊಂದಿಸಿಕೊಂಡಿದ್ದ ಮಾತುಗಳಲ್ಲಿ ಒಂದೂ ಹೊರಗೆ ಬರಲಿಲ್ಲ. ದೊಡ್ಡವ್ವ ಕೊಟ್ಟ ಚಹಾ ಕುಡಿಯದೆ ಎದ್ದು ಬಂದೆ. ಕರಗಿ ಬಂದೆ ಎಂದು ತಿಳಿಯಬೇಡಿ. ಹೋದಾಗ ಇದ್ದದ್ದಕ್ಕಿಂತ ಎರಡು ಪಟ್ಟು ಸಿಟ್ಟು ಹೊತ್ತು ಬಂದೆ. ಆದರೆ ಅದನ್ನು ಯಾರ ಮೇಲೆ ಇಳಿಸಬೇಕು ಎಂಬುದೇ ತಿಳಿಯಲಿಲ್ಲ.

ದೊಡ್ಡಪ್ಪ ಹೋದ ವರ್ಷ ತೀರಿಕೊಂಡ. ಬೆಳಿಗ್ಗೆ ಪೂಜೆಯಲ್ಲಿ ಕೂತವನು ಏಳಲಿಲ್ಲ. ಕೂತ ಹಾಗೆಯೇ ಇದ್ದುದರಿಂದ ಕೂಡಿಸುವ ಕಷ್ಟವೂ ಇರಲಿಲ್ಲ ಎಂದು ಬಳಗದವರು ಕೊಂಡಾಡಿದರು. ಅವನಿಗೆ ದೇವರು ಸಿಕ್ಕನೋ ಇಲ್ಲವೋ ನನಗೆ ಗೊತ್ತಿಲ್ಲ. ಕೊನೆಯವರೆಗೂ ಸಿಕ್ಕ ಎಂದು ಅವನು ಯಾರಿಗೂ ಹೇಳಲಿಲ್ಲ. ಬೈಸಿಕೊಂಡೆ ಎಂದಷ್ಟೇ ಹೇಳುತ್ತಿದ್ದನಂತೆ, ಊಟಕ್ಕೆ ಕೂಡುವಾಗ, ದೊಡ್ಡವ್ವನ ಮುಂದೆ. ಮುಖ ಮಾತ್ರ ಹಳೆಯ ಮುಖದಂತೆಯೇ ಇರುತ್ತಿತ್ತು ಅನ್ನುತ್ತಾಳೆ ಅವಳು. ಉಂಡೆದ್ದವರ ಹಾಗೆ.

ಬಸ್ಸಿನಿಂದ ಇಳಿದು ಮನೆಗೆ ಬಂದ ಮರುದಿನ ಬೆಳಿಗ್ಗೆ ನಾನು ಪೂಜೆಗೆ ಕೂತೆ. ದಿನಾ ಕೂಡುತ್ತೇನೆ, ಅಪ್ಪ ಕೂಡುತ್ತಿದ್ದ ಹಾಗೆ. ಏನೂ ಆಗುವುದಿಲ್ಲ, ಏಳುತ್ತೇನೆ. ದೇವರು ಬರದಿರುವುದರ ಬಗ್ಗೆ ನನ್ನ ತಕರಾರಿಲ್ಲ, ಅವನದು ದೊಡ್ಡ ಸಂಸಾರ. ಅಪ್ಪನ ಬಗ್ಗೆ ಇದೆ. ಮುಖ ನೋಡಲು ಬರದವನ ಮನೆಗೆ ದಿನಾ ಬೆಳಿಗ್ಗೆ ತಪ್ಪದೆ ಹೋದ. ಗಂಜಿ ಕುಡಿಸಿದವಳ ಮನೆಗೆ ಒಂದು ದಿನ ಬರಲಿಲ್ಲ.

ಅವತ್ತು ಬಾಯಿಬಿಟ್ಟೇ ಕೇಳಿದೆ. ಅಂಗೈ ಮೇಲಿನ ಲಿಂಗವನ್ನು ನೋಡುತ್ತ, ಜೋರಾಗಿ, ಬಾಜೂ ಮನೆಯವರಿಗೆ ಕೇಳಿಸುವ ಹಾಗೆ ಕೇಳಿದೆ. ನಾನೇನು ಕಡಿಮೆ ಮಾಡಿದೆ ಎಂದು. ಕೇಳಿದ ಮೇಲೆ ಹೊಳೆಯಿತು. ಏನೂ ಕಡಿಮೆ ಮಾಡಿಲ್ಲ. ಅಪ್ಪನಿಗೆ ನನ್ನ ಹತ್ತಿರ ಬಂದು ಬೈಯಲು ಏನೂ ಇಲ್ಲ.

ತುಂಬ ಹೊತ್ತು ಕೂತೇ ಇದ್ದೆ. ಸಿಟ್ಟು ಇಳಿಯಲಿಲ್ಲ. ಯಾರೂ ಬರಲಿಲ್ಲ…